ಪದ್ಮಿನಿಗೆ ಎಲೆಕ್ಟ್ರಿಕ್ ಚೋಕ್ ಬೇಕೆ?

ಪ್ರಶ್ನೆ: ನಮ್ಮಪ್ಪ 1986ರಾಗ ತಗೊಂಡ ಪ್ರೀಮಿಯರ್ ಪದ್ಮಿನಿ ಇನ್ನೂ ನಮ್ಮ ಮನ್ಯಾಗ ಅದ. ವಾರಕ್ಕೊಮ್ಮೆ ಕಮಲಾಪುರದಿಂದ ಕಲಬುರಗಿಗೆ ತಗೊಂಡು ಹೋಗ್ತೀನಿ. ಥಂಡಿ ದಿನದಾಗ ಮುಂಜಾನೆ ಚೋಕ್ ಎಳದು ಎಷ್ಟು ಸೆಲ್ಫ್ ಹೊಡದ್ರೂ ಲಗೂನ ಚಾಲೂ ಆಗಲ್ಲ. ಬ್ಯಾಸಗ್ಯಾಗ ಬಿಸಿಲಿಗೆ ನಿಲ್ಲಿಸಿ ಬಂದ್ರ ಮತ್ತ ಅದೇ ಹಾಡು. "ಈ ಹಳೇ ಚೋಕ್ ಕಿತ್ತು ಎಲೆಕ್ಟ್ರಿಕ್ ಚೋಕ್ ಹಾಕ್ಸರಿ, ವೈರ್ ಇಗ್ನಿಷನ್ ಕಾಯಿಲ್‌ಗೆ ಕೊಟ್ರ ಮುಗೀತು" ಅಂತ ಗ್ಯಾರೇಜಿನವರು ಹೇಳ್ಯಾರ. ಯಾವ ಚೋಕ್ ತಗೋಬೇಕು? ವೈರ್ ಎಲ್ಲಿಂದ ಕೊಡಬೇಕು? ಕಾರ್ಬುರೇಟರಿನ ಫೋಟೋ ಕಳಿಸೀನಿ.
– ಓದುಗರು, ಕಮಲಾಪುರ

ಉತ್ತರ: ನಿಮ್ಮ ಗಾಡಿಗೆ ಎಲೆಕ್ಟ್ರಿಕ್ ಚೋಕ್ ಬೇಡ. ಬೇಕೆಂದರೂ ಅದು ಅಲ್ಲಿ ಕೂರುವುದಿಲ್ಲ. ದುಡ್ಡು ಕೊಟ್ಟು ಕಿಟ್ ತಂದ ಮೇಲೆ ಇದು ಗೊತ್ತಾಗಬಾರದೆಂದು ಮೊದಲೇ ಹೇಳುತ್ತಿದ್ದೇನೆ.

ನೀವು ಕಳಿಸಿದ ಫೋಟೋದಲ್ಲಿರುವುದು ಸೋಲೆಕ್ಸ್ ಕಾರ್ಬುರೇಟರ್. ಏರ್ ಕ್ಲೀನರ್ ತೆಗೆದು ಮೇಲಿನಿಂದ ಹಿಡಿದ ಚಿತ್ರದಲ್ಲಿ ಅದರ ಬಾಯಿ ಪೂರಾ ತೆರೆದೇ ಇದೆ. ಅಡ್ಡ ತಿರುಗಿ ಬಾಯಿ ಮುಚ್ಚುವ ತಟ್ಟೆ ಅಲ್ಲಿಲ್ಲ. ಡ್ಯಾಶ್‌ಬೋರ್ಡ್ ಕಡೆಯಿಂದ ಬಂದ ಚೋಕ್ ಕೇಬಲ್ ಕಾರ್ಬುರೇಟರಿನ ಪಕ್ಕೆಯಲ್ಲಿರುವ ಒಂದು ಸಣ್ಣ ಲಿವರಿಗೆ ಸಿಕ್ಕಿಕೊಂಡಿದೆ. ಆ ಲಿವರಿನ ಹಿಂದೆ ಸ್ಕ್ರೂಗಳಿಂದ ಬಿಗಿದ ದುಂಡಗಿನ ಒಂದು ಮುಚ್ಚಳವಿದೆ. ನಿಮ್ಮ ಎರಡೂ ಪ್ರಶ್ನೆಗಳಿಗೆ ಉತ್ತರ ಆ ಮುಚ್ಚಳದ ಒಳಗಿದೆ.

ಚೋಕ್ ಏಕೆ ಬೇಕು ಎಂಬುದನ್ನು ಸ್ವಲ್ಪದರಲ್ಲೇ ನೋಡೋಣ. ಪೆಟ್ರೋಲು ಹನಿಯಾಗಿದ್ದಾಗ ಉರಿಯುವುದಿಲ್ಲ, ಆವಿಯಾದಾಗ ಉರಿಯುತ್ತದೆ. ಬಿಸಿ ಎಂಜಿನ್ನಿನಲ್ಲಿ ಒಂದು ಕೆಜಿ ಪೆಟ್ರೋಲಿಗೆ ಸುಮಾರು 14.7 ಕೆಜಿ ಗಾಳಿ ಸೇರಿದರೆ ಲೆಕ್ಕ ಸರಿಹೋಗುತ್ತದೆ. ತಣ್ಣಗಿನ ಎಂಜಿನ್ನಿನಲ್ಲಿ ಹಾಗಾಗುವುದಿಲ್ಲ. ಪೆಟ್ರೋಲಿನ ದೊಡ್ಡ ಪಾಲು ಮ್ಯಾನಿಫೋಲ್ಡಿನ ಗೋಡೆಗೆ ಒದ್ದೆಯಾಗಿ ಅಂಟಿಕೊಂಡು ಉಳಿದುಬಿಡುತ್ತದೆ. ಸೆಲ್ಫ್ ತಿರುಗಿಸುವ ವೇಗದಲ್ಲಿ ಗಾಳಿಯ ಸೆಳೆತವೂ ಕಡಿಮೆ. ಪ್ಲಗ್ಗಿನ ಹತ್ತಿರ ಉರಿಯುವಷ್ಟು ಆವಿ ತಲುಪಬೇಕಾದರೆ ಕೆಲವು ಕ್ಷಣ ಹಲವು ಪಟ್ಟು ಹೆಚ್ಚು ಪೆಟ್ರೋಲು ಕೊಡಬೇಕು. ಇಷ್ಟೇ ಚೋಕ್‌ನ ಕೆಲಸ.

ಈ ಹೆಚ್ಚುವರಿ ಪೆಟ್ರೋಲನ್ನು ಕೊಡುವ ರೀತಿ ಮಾತ್ರ ಕಾರ್ಬುರೇಟರಿನಿಂದ ಕಾರ್ಬುರೇಟರಿಗೆ ಬೇರೆ. ಮೊದಲನೆಯದು ಎಲ್ಲರಿಗೂ ಗೊತ್ತಿರುವ ತಟ್ಟೆ. ಬಾಯಿಯ ಮೇಲೆ ತಟ್ಟೆ ಮುಚ್ಚಿಕೊಂಡರೆ ಗಾಳಿ ಕಡಿಮೆಯಾಗಿ ಒಳಗಿನ ಸೆಳೆತ ಹೆಚ್ಚುತ್ತದೆ, ಮುಖ್ಯ ಜೆಟ್ಟಿನಿಂದ ಪೆಟ್ರೋಲು ಜಾಸ್ತಿ ಬರುತ್ತದೆ. ಕಾರ್ಬುರೇಟರ್ ಕಾಲದ ಮಾರುತಿ 800 ಈ ಜಾತಿಯದು. ಎರಡನೆಯದು ಮೊದಮೊದಲ ಅಂಬಾಸಿಡರ್‌ಗಳ ಮೇಲಿದ್ದ ಎಸ್‌ಯು. ಅದರಲ್ಲಿ ಚೋಕ್ ಎಳೆದರೆ ಜೆಟ್ಟೇ ಕೆಳಗಿಳಿಯುತ್ತದೆ, ಮೊನಚಾದ ಸೂಜಿಯ ಸುತ್ತ ಸಂದು ಅಗಲವಾಗುತ್ತದೆ. ಮೂರನೆಯದು ನಿಮ್ಮ ಸೋಲೆಕ್ಸ್. ಇದರಲ್ಲಿ ಗಾಳಿಯನ್ನು ತಡೆಯುವ ಮಾತೇ ಇಲ್ಲ. ಪಕ್ಕದ ಮುಚ್ಚಳದ ಒಳಗೆ ಬೇರೆಯದೇ ಆದ ಒಂದು ಪುಟ್ಟ ಕಾರ್ಬುರೇಟರ್ ಇದೆ ಎಂದೇ ಹೇಳಬಹುದು. ಅದಕ್ಕೆ ತನ್ನದೇ ಪೆಟ್ರೋಲ್ ಜೆಟ್, ತನ್ನದೇ ಗಾಳಿಯ ದಾರಿ, ನಡುವೆ ತೂತುಗಳಿರುವ ಒಂದು ತಿರುಗುವ ಡಿಸ್ಕ್. ಕೇಬಲ್ ಪೂರಾ ಎಳೆದರೆ ದೊಡ್ಡ ತೂತು ದಾರಿಗೆ ಸರಿಯಾಗಿ ನಿಲ್ಲುತ್ತದೆ, ಅರ್ಧ ಎಳೆದರೆ ಸಣ್ಣ ತೂತು, ಒಳಗೆ ತಳ್ಳಿದರೆ ದಾರಿ ಬಂದ್. ಈ ಮಿಶ್ರಣ ಎಂಜಿನ್ನಿಗೆ ಸೇರುವುದು ಥ್ರಾಟಲ್ ತಟ್ಟೆಯ ಕೆಳಗಡೆ.

ಮಾರುಕಟ್ಟೆಯಲ್ಲಿ ಸಿಗುವ ಎಲೆಕ್ಟ್ರಿಕ್ ಚೋಕ್ ಎಂದರೆ ತಟ್ಟೆಯನ್ನು ತಿರುಗಿಸುವ ಯಂತ್ರ. ಕಪ್ಪು ದುಂಡು ಮುಚ್ಚಳದೊಳಗೆ ಎರಡು ಲೋಹ ಬೆಸೆದ ಸುರುಳಿ ಪಟ್ಟಿ, ಅದರ ಬೆನ್ನಿಗೆ ಕಾಯುವ ಒಂದು ಹೀಟರ್. ತಣ್ಣಗಿದ್ದಾಗ ಸುರುಳಿ ತಟ್ಟೆಯನ್ನು ಮುಚ್ಚಿಡುತ್ತದೆ, ಕರೆಂಟು ಬಂದು ಕಾದಂತೆ ಬಿಚ್ಚಿಕೊಂಡು ತಟ್ಟೆಯನ್ನು ತೆರೆಯುತ್ತದೆ. ತಟ್ಟೆಯೇ ಇಲ್ಲದ ನಿಮ್ಮ ಕಾರ್ಬುರೇಟರಿನಲ್ಲಿ ಅದು ಏನನ್ನು ತೆರೆಯಬೇಕು? ಎಲೆಕ್ಟ್ರಿಕ್ ಚೋಕ್ ಬೇಕೇ ಬೇಕು ಎಂದರೆ ಕಾರ್ಬುರೇಟರನ್ನೇ ಬದಲಾಯಿಸಬೇಕಾಗುತ್ತದೆ. ಹಳೆ ಕಾರಿನವರು ಹೆಚ್ಚಾಗಿ ಹುಡುಕುವ ವೆಬರ್ 32/36 ಮೂರು ಬಗೆಯಲ್ಲಿ ಬರುತ್ತದೆ. ಡಿಜಿವಿ ಎಂದರೆ ಕೈ ಚೋಕ್, ಡಿಜಿಇವಿ ಎಂದರೆ ಎಲೆಕ್ಟ್ರಿಕ್, ಡಿಜಿಎವಿ ಎಂದರೆ ರೇಡಿಯೇಟರ್ ನೀರಿನ ಬಿಸಿಯಿಂದ ನಡೆಯುವುದು. ಎರಡು ಸಾವಿರ ಸಿಸಿ ಆಸುಪಾಸಿನ ಎಂಜಿನ್ನುಗಳ ಮೇಲೆ ಚೆನ್ನಾಗಿ ನಡೆದ ಕಾರ್ಬುರೇಟರ್ ಅದು. ನಿಮ್ಮ ಪದ್ಮಿನಿಯ 1089 ಸಿಸಿಗೆ ದೊಡ್ಡದಾಯಿತು. ಮ್ಯಾನಿಫೋಲ್ಡಿಗೆ ಅಡಾಪ್ಟರ್ ಮಾಡಿಸಿ, ಜೆಟ್ಟುಗಳನ್ನೆಲ್ಲ ಹೊಸದಾಗಿ ಹೊಂದಿಸಿ, ಕೊನೆಗೆ ಕೆಳ ವೇಗದಲ್ಲಿ ಎಳೆತ ಕಳೆದುಕೊಳ್ಳುವುದು ಯಾವ ಲಾಭಕ್ಕೆ? ಚಳಿಗಾಲದ ಕೆಲವು ಮುಂಜಾನೆಗಳಿಗಾಗಿ ಇಷ್ಟೆಲ್ಲ ಮಾಡುವುದು ನನಗೆ ಒಪ್ಪಿಗೆಯಿಲ್ಲ.

ಕಮಲಾಪುರದ ಹವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ತಾನಾಗಿ ನಡೆಯುವ ಚೋಕ್ ಹುಟ್ಟಿದ್ದು ಹಿಮ ಬೀಳುವ ದೇಶಗಳ ಚಾಲಕರಿಗಾಗಿ. ಅಲ್ಲಿ ಎಂಜಿನ್ ಬೆಚ್ಚಗಾಗಲು ಬಹಳ ಹೊತ್ತು ಬೇಕು, ಅಷ್ಟೂ ಹೊತ್ತು ಚೋಕನ್ನು ಕೈಯಲ್ಲಿ ಸ್ವಲ್ಪ ಸ್ವಲ್ಪವೇ ಒಳಗೆ ತಳ್ಳುತ್ತಿರಬೇಕು. ಕಲಬುರಗಿಯಲ್ಲಿ ಡಿಸೆಂಬರ್–ಜನವರಿಯ ನಸುಕು 15 ಡಿಗ್ರಿಯ ಆಸುಪಾಸು, ಕೆಲವು ದಿನ ಅದಕ್ಕಿಂತ ಕೆಳಗೆ. ನಿಮ್ಮಿಂದ ಹುಮನಾಬಾದ್ ದಾಟಿ ಬೀದರ್ ಕಡೆ ಏರಿದರೆ ಚಳಿ ಇನ್ನೂ ಜೋರು. ಆದರೂ ಇಲ್ಲಿ ಸರಿಯಿರುವ ಎಂಜಿನ್ನಿಗೆ ಪೂರ್ಣ ಚೋಕ್ ಬೇಕಾಗುವುದು ಸೆಕೆಂಡುಗಳ ಲೆಕ್ಕದಲ್ಲಿ, ಅರ್ಧ ಚೋಕ್ ಹೆಚ್ಚೆಂದರೆ ಒಂದು ನಿಮಿಷ. ಏಪ್ರಿಲ್–ಮೇನಲ್ಲಿ 40 ಡಿಗ್ರಿ ದಾಟಿದಾಗ ಚೋಕ್ ಮುಟ್ಟುವುದೇ ಬೇಡ.

ಹಾಗಾದರೆ ಮುಂಜಾನೆ ಏಕೆ ಚಾಲೂ ಆಗುತ್ತಿಲ್ಲ? ನಿಮ್ಮ ಪತ್ರದಲ್ಲಿ ಒಂದು ಮಾತಿದೆ: ವಾರಕ್ಕೊಮ್ಮೆ ಗಾಡಿ ತೆಗೆಯುತ್ತೀರಿ. ನನಗೆ ಮೊದಲ ಅನುಮಾನ ಅಲ್ಲೇ. ಕಾರ್ಬುರೇಟರಿನ ಫ್ಲೋಟ್ ಚೇಂಬರಿನಲ್ಲಿರುವ ಪೆಟ್ರೋಲು ನಿಂತ ಗಾಡಿಯಲ್ಲಿ ಆರಿ ಹೋಗುತ್ತದೆ, ಅದರಲ್ಲೂ ನಮ್ಮ ಒಣ ಹವೆಯಲ್ಲಿ ಬೇಗ. ಚೋಕ್ ಎಳೆದರೂ ಸೆಳೆಯಲು ಒಳಗೆ ಪೆಟ್ರೋಲೇ ಇರುವುದಿಲ್ಲ. ಎಂಜಿನ್ ತಿರುಗಿ, ಪಂಪು ಟ್ಯಾಂಕಿನಿಂದ ಎಳೆದು, ಚೇಂಬರು ತುಂಬುವ ತನಕ ನೀವು ಬರಿದೇ ಬ್ಯಾಟರಿ ಖರ್ಚು ಮಾಡುತ್ತೀರಿ. ಪೆಟ್ರೋಲು ಬರುವಷ್ಟರಲ್ಲಿ ಬ್ಯಾಟರಿ ಸೋತು ಸೆಲ್ಫ್ ನಿಧಾನವಾಗಿರುತ್ತದೆ, ಸ್ಪಾರ್ಕೂ ಬಡವಾಗಿರುತ್ತದೆ. ಪರೀಕ್ಷೆ ಸುಲಭ. ಮುಂದಿನ ಸಲ ಸೆಲ್ಫ್ ಹೊಡೆಯುವ ಮೊದಲು ಏರ್ ಕ್ಲೀನರ್ ತೆಗೆದು ಒಳಗೆ ನೋಡುತ್ತ ಎಕ್ಸಲೇಟರ್ ಲಿವರನ್ನು ಕೈಯಲ್ಲಿ ಒಮ್ಮೆ ಪೂರಾ ಎಳೆಯಿರಿ. ಪಂಪ್ ಜೆಟ್ಟಿನಿಂದ ಪೆಟ್ರೋಲು ತೆಳ್ಳಗೆ ಚಿಮ್ಮಿದರೆ ಚೇಂಬರಿನಲ್ಲಿ ಪೆಟ್ರೋಲಿದೆ. ಚಿಮ್ಮದಿದ್ದರೆ ಚೇಂಬರು ಒಣಗಿದೆ, ಇಲ್ಲವೇ ಆ ಪಂಪಿನ ಡಯಾಫ್ರಾಮ್ ಹರಿದಿದೆ. ಪೆಟ್ರೋಲ್ ಪಂಪಿಗೆ ಕೈಯಿಂದ ಒತ್ತುವ ಪುಟ್ಟ ಲಿವರ್ ಇದ್ದರೆ ಅದನ್ನು ಒತ್ತಿ ಚೇಂಬರು ತುಂಬಿಸಿಕೊಂಡು ಆಮೇಲೆ ಸೆಲ್ಫ್ ಹೊಡೆಯಿರಿ. ಇದೊಂದರಿಂದಲೇ ನಿಮ್ಮ ಅರ್ಧ ಕಷ್ಟ ತೀರಬಹುದು.

ಎರಡನೆಯದು ಕಾಲಿನ ಅಭ್ಯಾಸ. ತಟ್ಟೆ ಚೋಕಿನ ಗಾಡಿ ಓಡಿಸಿದವರು ಚೋಕ್ ಎಳೆದು ಎಕ್ಸಲೇಟರ್ ತುಳಿಯುತ್ತಲೇ ಸೆಲ್ಫ್ ಹೊಡೆಯುತ್ತಾರೆ. ನಿಮ್ಮ ಸೋಲೆಕ್ಸಿಗೆ ಅದು ತದ್ವಿರುದ್ಧ. ಡಿಸ್ಕಿನಿಂದ ಬರುವ ಮಿಶ್ರಣವನ್ನು ಎಳೆಯುವುದು ಥ್ರಾಟಲ್ ಕೆಳಗಿನ ಸೆಳೆತ. ಎಕ್ಸಲೇಟರ್ ತುಳಿದರೆ ಥ್ರಾಟಲ್ ತೆರೆದು ಆ ಸೆಳೆತ ಬಿದ್ದುಹೋಗುತ್ತದೆ, ಚೋಕ್ ಪೂರಾ ಎಳೆದಿದ್ದರೂ ಪೆಟ್ರೋಲು ಏರುವುದಿಲ್ಲ. ಬಜಾಜ್ ಚೇತಕ್ ಓಡಿಸಿದವರು ಇದನ್ನು ತಿಳಿದೋ ತಿಳಿಯದೆಯೋ ಪಾಲಿಸಿದ್ದಾರೆ. ಅದರ ಚೋಕೂ ಇಂಥದೇ ಬೇರೆ ದಾರಿಯ ಚೋಕು, ಚೋಕ್ ಎಳೆದು ರೇಸ್ ಕೊಡದೆ ಕಿಕ್ ಹೊಡೆದರೇ ಹಿಡಿಯುತ್ತಿತ್ತು. ನೀವೂ ಹಾಗೇ ಮಾಡಿ. ಚೋಕ್ ಪೂರಾ ಎಳೆಯಿರಿ, ಕಾಲನ್ನು ಎಕ್ಸಲೇಟರಿನಿಂದ ಪೂರಾ ತೆಗೆಯಿರಿ, ಸೆಲ್ಫ್ ಐದಾರು ಸೆಕೆಂಡು ಹೊಡೆಯಿರಿ. ಹಿಡಿಯದಿದ್ದರೆ ಬ್ಯಾಟರಿಗೆ ಸ್ವಲ್ಪ ಬಿಡುವು ಕೊಟ್ಟು ಮತ್ತೆ. ಹಿಡಿದ ಕೂಡಲೇ ಅರ್ಧಕ್ಕೆ ತಳ್ಳಿ, ಎಂಜಿನ್ ಸಮವಾಗಿ ನಡೆಯತೊಡಗಿದ ಮೇಲೆ ಪೂರಾ ಒಳಗೆ. ಕಮಲಾಪುರ ಬಿಟ್ಟು ಮಹಾಗಾಂವ್ ಕ್ರಾಸ್ ಮುಟ್ಟಿದರೂ ಚೋಕ್ ಹೊರಗೇ ಇದ್ದರೆ ಉರಿಯದ ಪೆಟ್ರೋಲು ಸಿಲಿಂಡರಿನ ಗೋಡೆ ತೊಳೆದು ಎಂಜಿನ್ ಆಯಿಲ್ಲಿಗೆ ಇಳಿಯುತ್ತದೆ. ಆಯಿಲ್ ತೆಳುವಾಗಿ ರಿಂಗು, ಬೇರಿಂಗುಗಳು ಬೇಗ ಸವೆಯುತ್ತವೆ.

ಈ ಎರಡನ್ನೂ ಸರಿಪಡಿಸಿಕೊಂಡ ಮೇಲೂ ತೊಂದರೆ ಉಳಿದರೆ ಆಗ ಆ ದುಂಡು ಮುಚ್ಚಳಕ್ಕೆ ಕೈ ಹಾಕಬೇಕು. ಮೊದಲು ಕೇಬಲ್ ನೋಡಿ. ಒಬ್ಬರು ಒಳಗೆ ಕುಳಿತು ನಾಬ್ ಎಳೆಯಲಿ, ಇನ್ನೊಬ್ಬರು ಬಾನೆಟ್ ತೆಗೆದು ಲಿವರ್ ನೋಡಲಿ. ನಲವತ್ತು ವರ್ಷದ ಕೇಬಲ್ಲಿನ ಹೊರ ಕವಚ ಕ್ಲಾಂಪಿನಲ್ಲಿ ಜಾರುತ್ತಿರುತ್ತದೆ. ಒಳಗೆ ನಾಬ್ ಪೂರಾ ಹೊರಬಂದರೂ ಲಿವರ್ ಮುಕ್ಕಾಲು ದಾರಿಯಲ್ಲೇ ನಿಲ್ಲುತ್ತದೆ, ದೊಡ್ಡ ತೂತು ದಾರಿಗೆ ಬರುವುದೇ ಇಲ್ಲ. ಇದರ ಉಲ್ಟಾ ತೊಂದರೆಯೂ ಉಂಟು. ನಾಬ್ ಒಳಗೆ ಹೋದರೂ ಲಿವರ್ ಪೂರಾ ಮರಳದೆ ಚೋಕ್ ದಿನವಿಡೀ ಸ್ವಲ್ಪ ತೆರೆದಿರುತ್ತದೆ. ಆಗ ಪ್ಲಗ್ಗಿಗೆ ಕಪ್ಪು ಮಸಿ ಹಿಡಿಯುತ್ತದೆ, ಸೈಲೆನ್ಸರಿನಿಂದ ಕಪ್ಪು ಹೊಗೆ ಬರುತ್ತದೆ, ಮೈಲೇಜು ಕುಸಿಯುತ್ತದೆ. ಕ್ಲಾಂಪ್ ಸಡಿಲಿಸಿ, ನಾಬ್ ಪೂರಾ ಒಳಗಿದ್ದಾಗ ಲಿವರ್ ತನ್ನ ಕೊನೆಯಲ್ಲಿ ಕೂರುವಂತೆ, ಕೇಬಲ್ಲಿಗೆ ಕೂದಲೆಳೆಯಷ್ಟು ಸಡಿಲ ಬಿಟ್ಟು ಬಿಗಿಯಿರಿ.

ಕೇಬಲ್ ಸರಿಯಿದ್ದರೆ ಚೋಕ್‌ನ ಪೆಟ್ರೋಲ್ ಜೆಟ್. ಅದನ್ನು ಬಿಚ್ಚಿ ಕಾರ್ಬುರೇಟರ್ ಕ್ಲೀನರ್ ಸ್ಪ್ರೇ ಮತ್ತು ಗಾಳಿಯಿಂದ ಊದಿ. ಸೂಜಿ, ತಂತಿ ಚುಚ್ಚಬೇಡಿ, ಹಿತ್ತಾಳೆಯ ತೂತು ಅಗಲವಾದರೆ ಆ ಜೆಟ್ ಹೋಯಿತು ಎಂದೇ ಲೆಕ್ಕ. ಕೊನೆಗೆ ಡಿಸ್ಕ್. ಅದರ ಮುಖ, ಅದು ಕೂರುವ ಮುಖ ಎರಡೂ ಸಪಾಟಾಗಿರಬೇಕು. ಗೀರು ಬಿದ್ದಿದ್ದರೆ ಮುಚ್ಚಿದಾಗಲೂ ಸೋರುತ್ತದೆ. ಗಾಜಿನ ಹಲಗೆಯ ಮೇಲೆ ಅತಿ ನಯದ ಮರಳು ಕಾಗದವಿಟ್ಟು ಡಿಸ್ಕನ್ನು ಎಂಟರ ಆಕಾರದಲ್ಲಿ ಮೆಲ್ಲಗೆ ಉಜ್ಜಿದರೆ ಸಣ್ಣ ಗೀರುಗಳು ಹೋಗುತ್ತವೆ. ಮುಚ್ಚಳದ ಪ್ಯಾಕಿಂಗ್ ಹೊಸದು ಹಾಕಿ. ಡಿಸ್ಕ್ ಬಿಚ್ಚುವ ಮುನ್ನ ಅದು ಕುಳಿತಿದ್ದ ರೀತಿಯ ಫೋಟೋ ತೆಗೆದಿಟ್ಟುಕೊಳ್ಳಿ, ತಿರುಗಿಸಿ ಕೂರಿಸಿದರೆ ತೂತುಗಳು ದಾರಿ ತಪ್ಪುತ್ತವೆ.

ಇಂದಿನ ಪೆಟ್ರೋಲಿನ ಬಗ್ಗೆಯೂ ಹೇಳಲೇಬೇಕು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಶೇ 20 ಎಥೆನಾಲ್ ಬೆರೆತ ಪೆಟ್ರೋಲಿಗೆ ಚಾಲನೆ ಸಿಕ್ಕಿತು. ಈಗ ಬಂಕುಗಳಲ್ಲಿ ಸಿಗುವುದು ಬಹುತೇಕ ಅದೇ. ನಿಮ್ಮ ಕಾರ್ಬುರೇಟರ್ ತಯಾರಾದದ್ದು ಇಂಥ ಇಂಧನಕ್ಕೆಂದು ಅಲ್ಲ. ಎಥೆನಾಲ್ ಆವಿಯಾಗಲು ಪೆಟ್ರೋಲಿಗಿಂತ ಎರಡೂವರೆ ಪಟ್ಟು ಶಾಖ ಬೇಡುತ್ತದೆ, ಹಾಗಾಗಿ ಚಳಿಯಲ್ಲಿ ಹಿಡಿಯುವುದು ಇನ್ನೂ ಕಷ್ಟ. ಅದು ಉರಿಯಲು ಬೇಕಾದ ಗಾಳಿಯೂ ಕಡಿಮೆ, ಒಂದು ಕೆಜಿಗೆ ಸುಮಾರು 9 ಕೆಜಿ ಮಾತ್ರ. ಅಂದರೆ ಹಳೆಯ ಜೆಟ್ಟಿನಿಂದ ಬರುವ ಮಿಶ್ರಣ ಈ ಇಂಧನಕ್ಕೆ ಸ್ವಲ್ಪ ತೆಳುವಾಗುತ್ತದೆ. ಹಳೆಯ ರಬ್ಬರ್ ಪೈಪು, ಡಯಾಫ್ರಾಮುಗಳನ್ನು ಅದು ಹಿಗ್ಗಿಸಿ ಮೆತ್ತಗೆ ಮಾಡುತ್ತದೆ, ಗಾಳಿಯ ತೇವ ಹೀರಿಕೊಂಡು ಕಾರ್ಬುರೇಟರಿನ ಒಳಗೆ ಬಿಳಿ ಪುಡಿ ಕಟ್ಟಿಸುತ್ತದೆ. ಚೋಕ್ ಜೆಟ್ ಕಟ್ಟಿಕೊಳ್ಳಲು ಇದೂ ಕಾರಣ. ಗಾಡಿ ತಿಂಗಳುಗಟ್ಟಲೆ ನಿಲ್ಲುವುದಾದರೆ ಚೇಂಬರಿನ ಪೆಟ್ರೋಲು ಬಸಿದಿಡಿ. ಪೆಟ್ರೋಲ್ ಪೈಪುಗಳನ್ನು ಎಥೆನಾಲ್ ತಾಳುವ ಹೊಸ ಪೈಪಿಗೆ ಬದಲಾಯಿಸಿಕೊಳ್ಳಿ. ಇದು ಚೋಕಿಗಿಂತ ಮೊದಲು ಆಗಬೇಕಾದ ಕೆಲಸ, ಏಕೆಂದರೆ ಬಿಸಿ ಎಂಜಿನ್ನಿನ ಮೇಲೆ ಸೋರುವ ಪೈಪು ಬೆಂಕಿಗೆ ದಾರಿ.

ಇನ್ನು ಬೇಸಿಗೆಯ ತೊಂದರೆ. ಚಳಿಗಾಲದ್ದೂ ಬೇಸಿಗೆಯದ್ದೂ ಒಂದೇ ಹಾಡು ಎಂದಿದ್ದೀರಿ. ಹೊರಗೆ ಕೇಳುವಾಗ ಹಾಗೆ ಅನ್ನಿಸಿದರೂ ಒಳಗಿನ ರೋಗ ಬೇರೆ. ಮೇ ತಿಂಗಳ ಮಧ್ಯಾಹ್ನ ಕಲಬುರಗಿಯ ಸೂಪರ್ ಮಾರ್ಕೆಟ್ ಹತ್ತಿರ ಗಾಡಿ ನಿಲ್ಲಿಸಿ ಇಪ್ಪತ್ತು ನಿಮಿಷ ಬಿಟ್ಟು ಬರುತ್ತೀರಿ. ಎಂಜಿನ್ ಬಂದಾದ ಮೇಲೆ ಫ್ಯಾನೂ ಇಲ್ಲ, ಗಾಳಿಯೂ ಇಲ್ಲ, ಎಂಜಿನ್ನಿನ ಶಾಖವೆಲ್ಲ ಕಾರ್ಬುರೇಟರಿಗೆ ಏರುತ್ತದೆ. ಚೇಂಬರಿನ ಪೆಟ್ರೋಲು ಕುದ್ದು ಉಕ್ಕಿ ಮ್ಯಾನಿಫೋಲ್ಡಿಗೆ ಸುರಿಯುತ್ತದೆ, ಒಳಗೆಲ್ಲ ಪೆಟ್ರೋಲಿನ ಆವಿ ತುಂಬಿರುತ್ತದೆ. ನಮ್ಮ ಮೆಕ್ಯಾನಿಕ್‌ಗಳು ಓವರ್‌ಫ್ಲೋ ಆಗ್ಯಾದ ಎನ್ನುವುದು ಇದನ್ನೇ. ಆಗ ಚೋಕ್ ಎಳೆದರೆ ಮುಳುಗಿದವನ ಮೇಲೆ ಇನ್ನೊಂದು ಕೊಡ ನೀರು ಸುರಿದಂತೆ. ಆ ಹೊತ್ತಿಗೆ ಮಾಡಬೇಕಾದ್ದು ಚೋಕ್ ಪೂರಾ ಒಳಗೆ, ಎಕ್ಸಲೇಟರ್ ಪೂರಾ ತುಳಿದು ಹಾಗೇ ಹಿಡಿದುಕೊಂಡು ಸೆಲ್ಫ್. ಪದೇ ಪದೇ ತುಳಿಯಬೇಡಿ, ತುಳಿದಷ್ಟು ಸಲ ಪಂಪ್ ಜೆಟ್ ಇನ್ನಷ್ಟು ಪೆಟ್ರೋಲು ಚಿಮ್ಮಿಸುತ್ತದೆ. ಕಾರ್ಬುರೇಟರ್ ಮತ್ತು ಮ್ಯಾನಿಫೋಲ್ಡ್ ನಡುವಿನ ಶಾಖ ತಡೆಯುವ ದಪ್ಪ ಬೇಕಲೈಟ್ ತುಂಡು ಇದೆಯೇ ನೋಡಿ. ಯಾವುದೋ ಕಾಲದ ರಿಪೇರಿಯಲ್ಲಿ ಅದು ಒಡೆದು ಬರೀ ಪ್ಯಾಕಿಂಗ್ ಹಾಕಿ ಬಿಟ್ಟಿರುವುದು ಹಳೆ ಗಾಡಿಗಳಲ್ಲಿ ಸಾಮಾನ್ಯ. ಫ್ಲೋಟಿನ ಮಟ್ಟ ಎತ್ತರವಾಗಿದ್ದರೂ ಉಕ್ಕುವುದು ಹೆಚ್ಚು. ಎಲೆಕ್ಟ್ರಿಕ್ ಚೋಕ್ ಈ ರೋಗಕ್ಕೆ ಏನೂ ಮಾಡಲಾರದು.

ವೈರಿನ ಪ್ರಶ್ನೆ ಉಳಿಯಿತು. ನಿಮ್ಮ ಗಾಡಿಗೆ ಬೇಕಿಲ್ಲದಿದ್ದರೂ ಇದನ್ನು ವಿವರವಾಗಿಯೇ ಬರೆಯುತ್ತೇನೆ. ಈಗಾಗಲೇ ವೆಬರ್ ಡಿಜಿಇವಿಯಂಥ ಕಾರ್ಬುರೇಟರ್ ಹಾಕಿಸಿಕೊಂಡವರು ಈ ಪುಟ ಓದುತ್ತಿರಬಹುದು. ಅದಕ್ಕಿಂತ ಮುಖ್ಯವಾಗಿ, "ಕಾಯಿಲ್‌ಗೆ ಕೊಟ್ರ ಮುಗೀತು" ಎಂಬ ಸಲಹೆ ತಪ್ಪು, ಅದು ತಪ್ಪೆಂದು ಗಟ್ಟಿಯಾಗಿ ಹೇಳಬೇಕು.

ಎಲೆಕ್ಟ್ರಿಕ್ ಚೋಕಿನ ಹೀಟರ್ ಸಾಮಾನ್ಯವಾಗಿ ಒಂದರಿಂದ ಎರಡು ಆಂಪಿಯರ್ ಎಳೆಯುತ್ತದೆ. ನೋಡಲು ಸಣ್ಣದು. ಆದರೆ ಇಗ್ನಿಷನ್ ಕಾಯಿಲ್ ಎಳೆಯುವುದೇ ಮೂರು–ನಾಲ್ಕು ಆಂಪಿಯರ್. ಸೆಲ್ಫ್ ಹೊಡೆಯುವಾಗ ಬ್ಯಾಟರಿ ಒಂಬತ್ತು–ಹತ್ತು ವೋಲ್ಟಿಗೆ ಇಳಿದಿರುತ್ತದೆ. ಕರೆಂಟು ಹಳೆಯ ಇಗ್ನಿಷನ್ ಸ್ವಿಚ್ಚಿನ ಸವೆದ ಕಾಂಟ್ಯಾಕ್ಟುಗಳನ್ನು ದಾಟಿ ಬರಬೇಕು. ಆ ದುರ್ಬಲ ಗಳಿಗೆಯಲ್ಲಿ ಕಾಯಿಲಿನ ಪಾಲಿನಿಂದಲೇ ಚೋಕಿಗೂ ಹಂಚಿದರೆ ಸ್ಪಾರ್ಕ್ ಕುಂದುತ್ತದೆ. ಗಾಡಿ ಚಾಲೂ ಮಾಡಲೆಂದು ಹಾಕಿದ ಚೋಕೇ ಚಾಲೂ ಆಗದಂತೆ ಮಾಡುತ್ತದೆ. ಕಾಯಿಲಿಗೆ ಬ್ಯಾಲಾಸ್ಟ್ ರೆಸಿಸ್ಟರ್ ಇದ್ದರಂತೂ ಅಲ್ಲಿ ಪೂರ್ಣ 12 ವೋಲ್ಟ್ ಇರುವುದೇ ಇಲ್ಲ. ಚೋಕ್ ಅರ್ಧಂಬರ್ಧ ಕಾದು ತಟ್ಟೆ ಪೂರಾ ತೆರೆಯದೆ ಉಳಿಯುತ್ತದೆ.

ಚೋಕಿಗೆ ಕರೆಂಟು ಹೋಗಬೇಕಾದ್ದು ಎಂಜಿನ್ ನಡೆಯುತ್ತಿರುವಾಗ ಮಾತ್ರ. ಕೀ ಆನ್ ಮಾಡಿ ಯಾರೊಂದಿಗೋ ಎರಡು ನಿಮಿಷ ಮಾತಾಡುತ್ತ ಕುಳಿತರೆ, ಕೀಯಿಂದ ನೇರ ಕರೆಂಟು ಪಡೆಯುವ ಚೋಕ್ ಅಷ್ಟರಲ್ಲಿ ಕಾದು ತೆರೆದುಕೊಂಡಿರುತ್ತದೆ. ಎಂಜಿನ್ ಇನ್ನೂ ತಣ್ಣಗೇ ಇರುತ್ತದೆ. ಆದ್ದರಿಂದ ನಡುವೆ ಒಂದು ರಿಲೇ ಹಾಕಬೇಕು.

ಆಲ್ಟರ್ನೇಟರ್ ಇರುವ ಗಾಡಿಯಲ್ಲಿ ಇದು ಸುಲಭ. ಹಾರ್ನಿಗೆ ಹಾಕುವ ಸಾಧಾರಣ ನಾಲ್ಕು ಪಿನ್ನಿನ ರಿಲೇ ಸಾಕು. ಡ್ಯಾಶ್‌ಬೋರ್ಡಿನ ಚಾರ್ಜಿಂಗ್ ಲೈಟಿನ ವೈರು ಆಲ್ಟರ್ನೇಟರಿನ ಯಾವ ಟರ್ಮಿನಲ್ಲಿಗೆ ಬರುತ್ತದೋ ಅಲ್ಲಿಂದ ಒಂದು ವೈರು ರಿಲೇಯ 86ಕ್ಕೆ, 85 ಅರ್ಥ್‌ಗೆ. ಕೀ ಆನ್ ಆಗಿ ಎಂಜಿನ್ ನಿಂತಿರುವಾಗ ಆ ಟರ್ಮಿನಲ್ಲಿನಲ್ಲಿ ವೋಲ್ಟೇಜ್ ಇಲ್ಲವೆನ್ನುವಷ್ಟು ಕಡಿಮೆ, ಎಂಜಿನ್ ನಡೆದು ಚಾರ್ಜಿಂಗ್ ಶುರುವಾದಾಗ ಪೂರ್ಣ ಬರುತ್ತದೆ, ರಿಲೇ ಎಳೆದುಕೊಳ್ಳುತ್ತದೆ. ರಿಲೇಯ 30ಕ್ಕೆ ಕೀಯಿಂದ ಬರುವ ಕರೆಂಟನ್ನು 5 ಆಂಪಿಯರ್ ಫ್ಯೂಸ್ ಮೂಲಕ ಕೊಡಿ, 87ರಿಂದ ಚೋಕಿಗೆ.

ಡೈನಮೋ ಇರುವ ಹಳೆಯ ಗಾಡಿಗಳಲ್ಲಿ ಈ ಉಪಾಯ ಕೈಕೊಡುತ್ತದೆ. ಸ್ಲೋನಲ್ಲಿ ಡೈನಮೋ ಸರಿಯಾಗಿ ಚಾರ್ಜ್ ಮಾಡುವುದಿಲ್ಲ, ರಿಲೇ ಕಟಕಟ ಎಂದು ಹತ್ತಿ ಇಳಿಯುತ್ತಿರುತ್ತದೆ. ಅಲ್ಲಿ ಆಯಿಲ್ ಪ್ರೆಷರ್ ಲೈಟಿನ ಸ್ವಿಚ್ಚನ್ನು ಬಳಸಿಕೊಳ್ಳಬಹುದು. ಎಂಜಿನ್ ನಿಂತಾಗ ಆ ಸ್ವಿಚ್ ಅರ್ಥ್‌ಗೆ ಕೂಡಿರುತ್ತದೆ, ಪ್ರೆಷರ್ ಬಂದಾಗ ಬಿಡುತ್ತದೆ. ಹಾಗಾಗಿ 87ಎ ಪಿನ್ ಇರುವ ಐದು ಪಿನ್ನಿನ ರಿಲೇ ತನ್ನಿ. 86ಕ್ಕೂ 30ಕ್ಕೂ ಫ್ಯೂಸ್ ದಾಟಿ ಬಂದ ಕೀಯ ಕರೆಂಟು, 85 ಆಯಿಲ್ ಸ್ವಿಚ್ಚಿನ ವೈರಿಗೆ, 87ಎ ಇಂದ ಚೋಕಿಗೆ. ಎಂಜಿನ್ ನಿಂತಿದ್ದಾಗ ರಿಲೇ ಎಳೆದುಕೊಂಡಿದ್ದು 87ಎ ಬಿಟ್ಟಿರುತ್ತದೆ. ಎಂಜಿನ್ ಹಿಡಿದು ಆಯಿಲ್ ಪ್ರೆಷರ್ ಬಂದ ಕೂಡಲೇ ರಿಲೇ ಇಳಿದು ಚೋಕಿಗೆ ಕರೆಂಟು ಹೋಗುತ್ತದೆ. ಇಲ್ಲಿ 30ಕ್ಕೆ ಬ್ಯಾಟರಿಯಿಂದ ನೇರ ವೈರು ಯಾವ ಕಾರಣಕ್ಕೂ ಕೊಡಬೇಡಿ. ಕೀ ತೆಗೆದಾಗ ರಿಲೇ ಇಳಿದೇ ಇರುತ್ತದೆ, ರಾತ್ರಿಯಿಡೀ ಚೋಕ್ ಕಾದು ಬೆಳಿಗ್ಗೆಗೆ ಬ್ಯಾಟರಿ ಖಾಲಿ.

ವೈರು ಒಂದು ಚದರ ಮಿಲಿಮೀಟರಿನದ್ದು ಸಾಕು. ತಿರುಚಿ ಟೇಪು ಸುತ್ತುವ ಜೋಡಣೆ ಬೇಡ. ನಮ್ಮ ಬೇಸಿಗೆಯಲ್ಲಿ ಬಾನೆಟ್ಟಿನ ಕೆಳಗೆ ಆ ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ, ಕೆಳಗೆ ಪೆಟ್ರೋಲು ಇದೆ ಎಂಬುದು ನೆನಪಿರಲಿ. ಲಗ್ ಒತ್ತಿಸಿ, ಮೇಲೆ ಬಿಸಿಗೆ ಬಿಗಿಯುವ ತೋಳು ಹಾಕಿಸಿ. ಅರ್ಥ್ ಬಗ್ಗೆ ಎಲ್ಲರೂ ಉದಾಸೀನ ಮಾಡುತ್ತಾರೆ. ಕಾರ್ಬುರೇಟರ್ ಕುಳಿತಿರುವುದು ಬೇಕಲೈಟ್ ಮತ್ತು ಪ್ಯಾಕಿಂಗಿನ ಮೇಲೆ, ಬರೀ ಸ್ಟಡ್ಡುಗಳನ್ನು ನಂಬಿ ಕೂರಬಾರದು. ಎಂಜಿನ್ನಿನ ಬೋಲ್ಟಿಗೆ ಬೇರೆಯೇ ಒಂದು ಅರ್ಥ್ ವೈರು ಎಳೆಯಿರಿ. ಮುಗಿದ ಮೇಲೆ ಚೋಕಿನ ವೈರಿಗೆ ಟೆಸ್ಟ್ ಲ್ಯಾಂಪ್ ಹಿಡಿದು ನೋಡಿ. ಕೀ ಆಫ್ ಇದ್ದಾಗ ಹತ್ತಬಾರದು, ಕೀ ಆನ್ ಆಗಿ ಎಂಜಿನ್ ನಿಂತಿರುವಾಗಲೂ ಹತ್ತಬಾರದು, ಎಂಜಿನ್ ನಡೆಯುವಾಗ ಹತ್ತಬೇಕು. ಮೂರರಲ್ಲಿ ಒಂದು ತಪ್ಪಿದರೂ ಚೋಕಿಗೆ ಜೋಡಿಸಬೇಡಿ.

ಸೆಟ್ಟಿಂಗ್ ಮಾಡುವುದು ಎಂಜಿನ್ ಪೂರಾ ತಣ್ಣಗಿರುವಾಗ, ಚಳಿಗಾಲದ ಬೆಳಿಗ್ಗೆಯೇ ಆದರೆ ಒಳ್ಳೆಯದು. ಕಪ್ಪು ಮುಚ್ಚಳದ ಸ್ಕ್ರೂ ಸಡಿಲಿಸಿ, ಎಕ್ಸಲೇಟರ್ ಒಮ್ಮೆ ತುಳಿದು ಬಿಟ್ಟಾಗ ತಟ್ಟೆ ಹಗುರವಾಗಿ ಮುಚ್ಚುವಷ್ಟು ತಿರುಗಿಸಿ. ಮಧ್ಯಾಹ್ನ 35 ಡಿಗ್ರಿಯಲ್ಲಿ ಮುಚ್ಚುವಂತೆ ಬಿಗಿದರೆ ಡಿಸೆಂಬರಿನಲ್ಲಿ ತಟ್ಟೆ ಗಟ್ಟಿಯಾಗಿ ಕಚ್ಚಿ ಪ್ಲಗ್ ನೆನೆಯುತ್ತದೆ.

ಕೊನೆಯದಾಗಿ, ನಿಮ್ಮ ತಂದೆಯವರ ಗಾಡಿಯ ಮೂಲ ಭಾಗಗಳನ್ನು ಕಿತ್ತು ಬಿಸಾಡಲು ಬಿಡಬೇಡಿ. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದ ಪ್ರಕಾರ 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆಯಾಗದ ವಾಹನಗಳು ವಿಂಟೇಜ್ ಎಂದು ನೋಂದಣಿಯಾಗಬಹುದು. ನಿಮ್ಮದಕ್ಕೆ ಇನ್ನೂ ಸಮಯವಿದೆ, ಆದರೆ ಕುರ್ಲಾದಲ್ಲಿ ಪದ್ಮಿನಿ ತಯಾರಿಕೆ ನಿಂತು ಕಾಲು ಶತಮಾನವಾಗುತ್ತ ಬಂದಿದೆ, ಸರಿಯಾದ ಸೋಲೆಕ್ಸ್ ಇನ್ನೊಂದು ಹುಡುಕುವುದು ವರ್ಷ ವರ್ಷಕ್ಕೂ ಕಷ್ಟ. ಮೊದಲು ಪೆಟ್ರೋಲ್ ಪೈಪು, ಆಮೇಲೆ ಕೇಬಲ್ಲು, ಜೆಟ್ಟು, ಡಿಸ್ಕು, ಈ ಕ್ರಮದಲ್ಲಿ ಮಾಡಿಸಿ. ಹತ್ತು–ಹದಿನೈದು ದಿನ ಓಡಿಸಿದ ಮೇಲೆ ನಾಲ್ಕೂ ಪ್ಲಗ್ ಬಿಚ್ಚಿ ಬಣ್ಣ ನೋಡಿ. ತಿಳಿ ಕಂದು ಇದ್ದರೆ ಸರಿ. ಕಪ್ಪಿದ್ದರೆ ಅಥವಾ ಬೆಳ್ಳಗೆ ಸುಟ್ಟಂತಿದ್ದರೆ ಪ್ಲಗ್ಗುಗಳ ಫೋಟೋದೊಂದಿಗೆ ಮತ್ತೆ ಬರೆಯಿರಿ, ಮುಖ್ಯ ಜೆಟ್ಟಿನ ಅಳತೆ ಏನು ಬದಲಾಯಿಸಬೇಕೆಂದು ನೋಡೋಣ.